ಕಿವಿಗೆ ಬೀಳದ ಸುದ್ದಿ

ಚಾಮರಾಜಪೇಟೆ
ಜುಲೈ ೮

ಪೂಜ್ಯ ತುಳಸಕ್ಕನಿಗೆ ಯಮುನಾ ಮಾಡುವ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ಶುರು ಮಾಡಬೇಕು. ಈ ವಾರದ ಮಟ್ಟಿಗೆ ಮೊಣಕಾಲಿನಿಂದ ಮೇಲಕ್ಕೆ ಕ್ಷೇಮ ಎಂದು ಓದಿಕೊಳ್ಳಿ.

ಟಿ.ವಿ.ಯಲ್ಲಿ ನೋಡಿರುತ್ತೀರಿ. ಭಾನುವಾರ ಶುರುವಾದ ಮಳೆ ಇನ್ನೂ ನಿಂತಿಲ್ಲ. ರಾಜಕಾಲುವೆ ತುಂಬಿ ಅದರ ಕೊಳಕು ನೀರೆಲ್ಲ ಕೆಳಗಿನ ಬೀದಿಗಳಿಗೆ ನುಗ್ಗಿದೆ. ನಮ್ಮ ಅಂಗಳದಲ್ಲಿ ಮೊಣಕಾಲುದ್ದ ನಿಂತು ಒಂದು ಬೆಳಗ್ಗೆಯಲ್ಲಿ ಇಳಿದುಹೋಯಿತು. ಕಾಲುವೆಯ ದಂಡೆಯ ಮನೆಗಳವರಿಗೆ ಆ ಅದೃಷ್ಟವಿಲ್ಲ, ಕಿಟಕಿಯ ಮಟ್ಟಕ್ಕೆ ನೀರು. ಅವರನ್ನೆಲ್ಲ ನಮ್ಮ ಹಿಂದಿನ ಬೀದಿಯ ಸ್ಕೂಲಿನಲ್ಲಿ ಇರಿಸಿದ್ದಾರೆ. ಮುನ್ನೂರು ಜನಕ್ಕೆ ಕಡಿಮೆಯಿಲ್ಲ.

ಮೊದಲ ದಿನ ಯಾರೋ ಪುಣ್ಯಾತ್ಮರು ಪುಳಿಯೋಗರೆ ಪ್ಯಾಕೆಟ್ ಹಂಚಿ, ಫೋಟೋ ತೆಗೆಸಿಕೊಂಡು ಹೋದರು. ಎರಡನೆಯ ದಿನ ಬೇರೆಯವರು ಬಂದರು, ಅವರದ್ದೂ ಪುಳಿಯೋಗರೆಯೇ. ಮೂರನೆಯ ದಿನದ್ದು ಹಳಸಿತ್ತು. ಮಕ್ಕಳೆಲ್ಲ ವಾಂತಿ ಮಾಡಿಕೊಂಡವು. ಅವತ್ತು ಸಂಜೆ ಮುನಿಯಕ್ಕ ಅಂತ ಒಬ್ಬಳು, ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವವಳು, ನಮ್ಮ ಗೇಟಿನ ಹತ್ತಿರ ಬಂದು ನಿಂತಳು. "ಸ್ವಾಮೇರೆ, ಮಕ್ಳಿಗೆ ಒಂದ್ ತುತ್ತು ಬಿಸಿ ಅನ್ನ ಸಿಕ್ಕೀತಾ?" ಅಂದಳು.

ನಿಮ್ಮ ಮೈದುನರ ಬುದ್ಧಿ ನಿಮಗೆ ಗೊತ್ತು. ಆಷಾಢ, ಮದುವೆಯಿಲ್ಲ, ಮುಂಜಿಯಿಲ್ಲ. ಅಡುಗೆಗೆ ಜೊತೆಗಿದ್ದವರೆಲ್ಲ ಊರಿಗೆ ಹೋಗಿದ್ದಾರೆ. ಇವರು ಬೆಳಗ್ಗೆಯಿಂದ ಸಂಜೆಯವರೆಗೆ ಖಾಲಿ ಕೂತು ನನ್ನ ಒಗ್ಗರಣೆಯಲ್ಲಿ ತಪ್ಪು ಹುಡುಕುತ್ತಿದ್ದರು. ಮುನಿಯಕ್ಕ ಕೇಳಿದ್ದೇ ತಡ, ಅಟ್ಟದಿಂದ ದೊಡ್ಡ ಕೊಪ್ಪರಿಗೆ ಇಳಿಸಿದರು. ಈಗ ಹಿತ್ತಿಲ ಶೆಡ್ಡಿನಲ್ಲಿ ಎರಡು ಹೊತ್ತೂ ಅನ್ನ, ಸಾರು, ಒಂದು ಪಲ್ಯ. ಮಡಿ ಮಾತ್ರ ಬಿಟ್ಟಿಲ್ಲ. ಒದ್ದೆ ಪಂಚೆಯಲ್ಲೇ ಅಡುಗೆ. ಮಡಿಗೆ ನೀರಿನ ಕೊರತೆಯಂತೂ ಸದ್ಯಕ್ಕಿಲ್ಲ. ಮುನಿಯಕ್ಕನ ಕಡೆಯ ಹೆಂಗಸರು ಹೊರಗೆ ಕೂತು ತರಕಾರಿ ಹೆಚ್ಚಿಕೊಡುತ್ತಾರೆ, ಶೆಡ್ಡಿನ ಹೊಸ್ತಿಲು ದಾಟುವಂತಿಲ್ಲ. ಅಕ್ಕಿ ತೊಳೆಯುವುದು, ಅನ್ನ ಬಸಿಯುವುದು ನನ್ನ ಪಾಲಿಗೆ ಬಂದಿದೆ. ಕೈ ಬಿದ್ದುಹೋಗಿದೆ ಅಕ್ಕಾ.

ಭಾವನ ಉಸಿರಾಟ ಈಗ ಹೇಗಿದೆ? ಚಾಮರಾಜಪೇಟೆಯಿಂದ ವೈಯಾಲಿಕಾವಲ್‌ಗೆ ಒಂದು ಆಟೋದ ದಾರಿ. ಅಷ್ಟಕ್ಕೆ ಅಂಚೆ ಹಾಕುವ ಹೆಂಗಸರು ಈ ಊರಿನಲ್ಲಿ ನಾವಿಬ್ಬರೇ ಇರಬೇಕು. ಫೋನ್ ಮಾಡಿದರೆ ನಿಮಗೆ ಕಿವಿ ಕೇಳಿಸುವುದಿಲ್ಲ, ಕೂಗಿ ಹೇಳಿದರೆ ಇವರಿಗೆ ಕೇಳಿಸುತ್ತದೆ. ಅಣ್ಣತಮ್ಮಂದಿರು ಮಾತು ಬಿಟ್ಟು ಹತ್ತು ವರ್ಷದ ಮೇಲಾಯಿತು. ಅತ್ತೆಯ ತಿಥಿಗೆ ಒಲೆ ಹಚ್ಚದೆ ಭಾವ ಅನಾಥಾಲಯಕ್ಕೆ ಅಕ್ಕಿ ಕೊಟ್ಟುಬಂದ ದಿನ "ಊರಿಗೆಲ್ಲ ಅಡುಗೆ ಮಾಡಿ ಹಾಕ್ತೀನಿ, ನಮ್ಮಮ್ಮನ ತಿಥಿಗೆ ಒಂದು ಒಲೆ ಇಲ್ವಾ" ಎಂದು ಕೂಗಿ ಎದ್ದು ಬಂದ ಇವರು, ಈಗಲೂ ನಿಮ್ಮ ಕಡೆಯ ಬಸ್ಸಿನ ನಂಬರು ಕಂಡರೆ ಮುಖ ತಿರುಗಿಸುತ್ತಾರೆ. ಓರಗಿತ್ತಿಯರು ನಾವಾದರೂ ಬಿಡುವುದು ಬೇಡ.

ಮಳೆ ಮತ್ತೆ ಜೋರಾಯಿತು. ಅಕ್ಕಿ ನೆನೆಹಾಕಬೇಕು.

ನಿಮ್ಮ
ಯಮುನಾ


ವೈಯಾಲಿಕಾವಲ್
ಜುಲೈ ೧೨

ಚಿ. ಸೌ. ಯಮುನಾಳಿಗೆ ತುಳಸಮ್ಮನ ಆಶೀರ್ವಾದಗಳು.

ನಿನ್ನ ಕಾಗದವನ್ನು ನಿಮ್ಮ ಭಾವನಿಗೆ ಓದಿ ಹೇಳಿದೆ. ಆಮ್ಲಜನಕದ ಸಿಲಿಂಡರ್ ಈಗ ಮಂಚದ ಪಕ್ಕದಲ್ಲೇ ಇದೆ. ಮೂಗಿಗೆ ನಳಿಗೆ ಹಾಕಿಕೊಂಡೇ ನಕ್ಕರು. "ನೋಡಿದ್ಯಾ, ಕೊನೆಗೂ ನಮ್ಮ ಅಶ್ವತ್ಥ ಅನಾಥಾಲಯಕ್ಕೇ ಬಂದ" ಅಂದರು. ನಕ್ಕಿದ್ದಕ್ಕೆ ಕೆಮ್ಮು ಹತ್ತಿ, ಅದು ನಿಲ್ಲುವ ಹೊತ್ತಿಗೆ ನನ್ನ ಜೀವ ಬಾಯಿಗೆ ಬಂದಿತ್ತು. ಕೆಮ್ಮು ನಿಂತ ಮೇಲೆ ಕೇಳಿದ ಮೊದಲ ಪ್ರಶ್ನೆ, "ಸಾರಿಗೆ ಬೇಳೆ ಹಾಕ್ತಾನಂತಾ, ಇಲ್ಲ ತಿಳಿಸಾರಾ?"

ಮೇಷ್ಟರಾಗಿ ಮೂವತ್ತು ವರ್ಷ ಊರ ಮಕ್ಕಳಿಗೆ ಬುದ್ಧಿ ಹೇಳಿದ ಮನುಷ್ಯ. ಒಂದು ಸಲ ತಮ್ಮನನ್ನು ಬರಹೇಳಲಾ ಎಂದು ಕೇಳಿದರೆ "ಅವನೇ ಬರ್ಲಿ" ಎನ್ನುತ್ತಾರೆ. ಅಲ್ಲಿ ಅವನು "ಅವರೇ ಕರೀಲಿ" ಎಂದು ಕೂತಿರುತ್ತಾನೆ. ಇವರಿಬ್ಬರ ಮಧ್ಯೆ ನಿನಗೂ ನನಗೂ ವಯಸ್ಸಾಯಿತು.

ಡಾಕ್ಟರು ಬಂದು ಹೋದರು. ಹೆಚ್ಚೇನೂ ಹೇಳಲಿಲ್ಲ, ಆಕರ್ಷನನ್ನು ಹೊರಗೆ ಕರೆದು ಮಾತಾಡಿದರು. ಅವನು ಒಳಗೆ ಬಂದು "ಏನಿಲ್ಲಮ್ಮ" ಅಂದ. ಕಿವಿ ಕೇಳಿಸದಿದ್ದರೂ ಕಣ್ಣು ಚೆನ್ನಾಗಿದೆಯಲ್ಲ ನನಗೆ. ನೀರು ಇಳಿದ ಮೇಲೆ ಏನಾದರೂ ನೆಪ ಹೂಡಿ ಅಶ್ವತ್ಥನನ್ನು ಕರೆದುಕೊಂಡು ಬಾ. ಬಂದು ಜಗಳವಾಡಿದರೂ ಆಗಲಿ.

ನೀನು ಅನ್ನ ಬಸಿಯುವಾಗ ಹುಷಾರು. ದೊಡ್ಡ ಪಾತ್ರೆಗೆ ಒಬ್ಬಳೇ ಕೈ ಹಾಕಬೇಡ.

ಇತಿ,
ತುಳಸಮ್ಮ


ಚಾಮರಾಜಪೇಟೆ
ಜುಲೈ ೨೦

ಅಕ್ಕಾ,

ಸೂತಕದಲ್ಲಿ ನಮಸ್ಕಾರ ಬರೆಯಬಾರದು, ಬರೆದಿಲ್ಲ.

ಮೊನ್ನೆ ಬೆಳಗ್ಗೆ ಆಕರ್ಷ ಫೋನ್ ಮಾಡಿದ. "ಚಿಕ್ಕಮ್ಮಾ, ಅಪ್ಪ ಹೋಗ್ಬಿಟ್ರು. ಚಿಕ್ಕಪ್ಪಂಗೆ ಹೇಳಿ" ಅಂದ. ನಾನು ಹಿತ್ತಿಲ ಬಾಗಿಲಲ್ಲಿ ನಿಂತಿದ್ದೆ. ಇವರು ಶೆಡ್ಡಿನಲ್ಲಿ ಒಲೆಯ ಮುಂದೆ ಬಗ್ಗಿ ಉರಿ ತಗ್ಗಿಸುತ್ತಿದ್ದರು. ಅನ್ನ ಕುದಿಯುತ್ತಿತ್ತು. ಗೇಟಿನ ಹೊರಗೆ ಆಗಲೇ ಮಕ್ಕಳು ತಟ್ಟೆ ಹಿಡಿದು ನಿಂತಿದ್ದವು.

ನಾನು ಹೇಳಲಿಲ್ಲ ಅಕ್ಕಾ. ಈ ಹೊತ್ತಿನವರೆಗೂ ಹೇಳಿಲ್ಲ.

ನಿಮಗೆ ಬಿಡಿಸಿ ಹೇಳಬೇಕಾದ್ದಿಲ್ಲ. ಸುದ್ದಿ ಕಿವಿಗೆ ಬಿದ್ದ ಕ್ಷಣದಿಂದ ಸೂತಕ. ಬೀಳುವವರೆಗೆ ಇಲ್ಲ. ಬಿದ್ದರೆ ಇವರು ಒಲೆಯ ಹತ್ತಿರ ಹೋಗುವವರಲ್ಲ. ಬೇರೆಯವರಾದರೆ ಇಂಥ ಹೊತ್ತಿನಲ್ಲಿ ಏನಾಗುತ್ತೆ ಬಿಡು ಎಂದುಕೊಂಡಾರು. ಇವರು ಹಾಗೆ ಅಂದುಕೊಳ್ಳುವುದಿಲ್ಲ. ಹಿಂದೆ ನಮ್ಮ ಚಿಕ್ಕಮಾವ ತೀರಿಕೊಂಡ ಸುದ್ದಿ ಬಂದಾಗ ಒಂದು ಮದುವೆಯ ಅಡುಗೆಯನ್ನು ಅರ್ಧಕ್ಕೆ ಬೇರೆಯವರ ಕೈಗೆ ಕೊಟ್ಟು ಹೊರಗೆ ಬಂದು ನಿಂತಿದ್ದರು. ಆಗ ಕೊಡಲು ಜನ ಇದ್ದರು. ಈಗ ಯಾರಿದ್ದಾರೆ? ಬುಧವಾರದ ಮಳೆಗೆ ಇನ್ನೂ ಎರಡು ಬೀದಿಯವರು ಸ್ಕೂಲಿಗೆ ಬಂದು ಸೇರಿದ್ದಾರೆ. ಪ್ಯಾಕೆಟ್ಟಿನವರು ಬರುವುದನ್ನು ಬಿಟ್ಟಿದ್ದಾರೆ. ಅಶ್ವತ್ಥನಾರಾಯಣನವರ ಒಲೆ ಉರಿಯುತ್ತಿದೆಯಲ್ಲ, ನಮಗೇನು ಕೆಲಸ ಎಂದು ಎಲ್ಲರಿಗೂ ನೆಮ್ಮದಿಯಾಗಿದೆ. ಊರಿಗೆ ಹೋದ ಅಡುಗೆಯವರಿಗೆ ಫೋನ್ ಮಾಡಿದೆ. ಅಲ್ಲೂ ಮಳೆ, ಬಸ್ಸಿಲ್ಲ ಅಂದರು.

ಸೂತಕ ನನಗೆ ತಟ್ಟಿದೆ. ನಾನು ಅನ್ನಕ್ಕೆ ಕೈ ಹಾಕಿಲ್ಲ, ಶೆಡ್ಡಿನೊಳಗೆ ಕಾಲಿಟ್ಟಿಲ್ಲ, ದೇವರ ದೀಪ ಹಚ್ಚಿಲ್ಲ. ಸೊಂಟ ಹಿಡಿದಿದೆ ಎಂದು ಇವರಿಗೆ ಸುಳ್ಳು ಹೇಳಿ ವರಾಂಡದಲ್ಲಿ ಚಾಪೆ ಹಾಕಿಕೊಂಡು ಕೂತಿದ್ದೇನೆ. ಅನ್ನ ಬಸಿಯುವುದನ್ನೂ ಇವರೊಬ್ಬರೇ ಮಾಡಿಕೊಳ್ಳುತ್ತಿದ್ದಾರೆ. ಅರವತ್ತು ದಾಟಿದ ದೇಹ. ನೋಡಿಕೊಂಡು ಕೂತಿರುವುದು ನನ್ನ ಪಾಲಿಗೆ.

ಭಾವನ ಮುಖವನ್ನು ಕೊನೆಯ ಸಲ ನೋಡಲೂ ಬರಲಿಲ್ಲ. ಬಂದಿದ್ದರೆ ಎಲ್ಲಿಗೆ ಎಂದು ಕೇಳುತ್ತಿದ್ದರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅಡುಗೆಮನೆಯಲ್ಲಿ ಅಳುತ್ತಿದ್ದಾಗ "ಯಮುನಾ, ನಮ್ಮ ಅಶ್ವತ್ಥ ಕೂಗ್ತಾನೆ ಅಷ್ಟೆ, ಕಚ್ಚೋದಿಲ್ಲ" ಎಂದು ನಗಿಸಿದವರು ಅವರು. ಅಳಲೂ ಆಗುತ್ತಿಲ್ಲ, ಅತ್ತರೆ ಇವರು ನೋಡುತ್ತಾರೆ.

ನಾನು ಮಾಡಿದ್ದು ಸರಿಯೋ ತಪ್ಪೋ ನನಗೆ ತಿಳಿಯುತ್ತಿಲ್ಲ. ನೀವು ಹೇಳು ಅಂದರೆ ಹೇಳುತ್ತೇನೆ. ನಿಮ್ಮ ಮಾತಿನಂತೆ ನಡೆಯುತ್ತೇನೆ.

ಯಮುನಾ


ವೈಯಾಲಿಕಾವಲ್
ಜುಲೈ ೨೩

ಯಮುನಾ,

ನಿನ್ನ ಕಾಗದ ಓದಿ ನನಗೆ ಕೋಪ ಬಂತು. ಹರಿದು ಹಾಕಬೇಕು ಅನ್ನಿಸಿತು. ನನ್ನ ಗಂಡ ಸತ್ತ ಸುದ್ದಿಯನ್ನು ಅವರ ತಮ್ಮನಿಗೆ ಹೇಳುವುದೋ ಬೇಡವೋ ಎಂದು ತೀರ್ಮಾನ ಮಾಡಲು ನೀನು ಯಾರು? ಇಲ್ಲಿ ಜನ ಬರುತ್ತಾರೆ, ಹೋಗುತ್ತಾರೆ. ಬಂದವರೆಲ್ಲ "ಅಶ್ವತ್ಥ ಬಂದಿದ್ನಾ?" ಎಂದು ಕೇಳುತ್ತಾರೆ. ನನಗೆ ಕಿವಿ ಕೇಳಿಸದಿರುವುದು ಇದೊಂದಕ್ಕೆ ಒಳ್ಳೆಯದಾಯಿತು, ಕೇಳಿಸದವಳ ಹಾಗೆ ಕೂರುತ್ತೇನೆ.

ಇನ್ನೊಂದು ವಿಷಯ ಬರೆಯಬೇಕು. ಬರೆಯಲು ಇಷ್ಟವಿಲ್ಲ, ಆದರೂ ಬರೆಯುತ್ತೇನೆ. ಹೋಗುವ ಹಿಂದಿನ ದಿನ ಅವರಿಗೂ ಗೊತ್ತಾಗಿತ್ತು. ಹತ್ತಿರ ಕರೆದು, ನನಗೆ ಕೇಳಲಿ ಎಂದು ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿದರು. "ಅಶ್ವತ್ಥಂಗೆ ಈಗ್ಲೇ ತಿಳಿಸ್ಬೇಡ. ತಿಳಿಸಿದ್ರೆ ಒಲೆ ಬಿಟ್ಟು ಕೂತ್ಕೋತಾನೆ. ಇದೆಲ್ಲ ನಾನು ನಂಬೋದಿಲ್ಲ ತುಳಸಿ, ಆದ್ರೆ ಅವನು ನಂಬ್ತಾನಲ್ಲ." ಉಸಿರಿಗೆ ಒದ್ದಾಡುತ್ತಿದ್ದ ಮನುಷ್ಯ ಇಷ್ಟು ಉದ್ದದ ಮಾತಾಡಿದ್ದು ಅದೇ ಕೊನೆ. ನನಗೆ ಹೇಳಿದ್ದಲ್ಲ, ಆಕರ್ಷನಿಗೆ ಹೇಳಿದ್ದಲ್ಲ, ತಮ್ಮನ ಒಲೆಗೆ ಹೇಳಿದ್ದು.

ನಾನು ಕೇಳಲಿಲ್ಲ. ಅವರ ಕಣ್ಣು ಮುಚ್ಚಿದ ಕೂಡಲೇ ಆಕರ್ಷನಿಗೆ ಚಿಕ್ಕಪ್ಪನಿಗೆ ಫೋನ್ ಮಾಡು ಅಂದೆ. ಅವನು ಬರಬೇಕಿತ್ತು. ಬಂದು ಅಣ್ಣನ ಕಾಲ ಹತ್ತಿರ ನಿಂತು ಅಳಬೇಕಿತ್ತು. ಹತ್ತು ವರ್ಷ ಅವರು ಬಾಗಿಲ ಕಡೆ ನೋಡಿದ್ದನ್ನು ನಾನು ನೋಡಿದ್ದೇನೆ. ಈಗ ನೋಡಿದರೆ ನೀನೂ ಅವರೂ ಒಂದಾಗಿ ಆ ಒಲೆಯನ್ನು ಕಾಯುತ್ತಿದ್ದೀರಿ. ನನ್ನ ಕಡೆ ಯಾರೂ ಇಲ್ಲ.

ಕೋಪ ಇಳಿದ ಮೇಲೆ ಮತ್ತೆ ಬರೆಯುತ್ತಿದ್ದೇನೆ. ಆ ಮಕ್ಕಳು ತಟ್ಟೆ ಹಿಡಿದು ನಿಂತಿದ್ದವು ಎಂದು ಬರೆದಿದ್ದೀಯಲ್ಲ, ಅದನ್ನು ಓದದ ಹಾಗೆ ಇರಲು ನನ್ನಿಂದ ಆಗುವುದಿಲ್ಲ. ಇಷ್ಟು ದಿನ ಆಯಿತು, ಹೋಗಲಿ. ಆದರೆ ಹತ್ತನೆಯ ದಿನಕ್ಕೆ ಅವನು ಬರಲೇಬೇಕು. ಅವತ್ತು ದಾಯಾದಿಗಳೆಲ್ಲ ಹೋದವರಿಗೆ ಧರ್ಮೋದಕ ಬಿಡುತ್ತಾರೆ. ಒಡಹುಟ್ಟಿದವನ ಕೈಯ ಆ ಒಂದು ಬೊಗಸೆ ನೀರು ಅವರಿಗೆ ಬೀಳಬೇಕು. ಆ ದಿನ ಕಳೆದರೆ ಮತ್ತೆ ಬಿಡುವಂತಿಲ್ಲ. ೨೭ನೆಯ ತಾರೀಖು, ಮಲ್ಲೇಶ್ವರದ ಛತ್ರದಲ್ಲಿ, ಬೆಳಗ್ಗೆ. ಅವನಿಗೆ ಹೇಳು. ಅವತ್ತೊಂದು ದಿನ ಆ ಜನ ಮತ್ತೆ ಪುಳಿಯೋಗರೆ ತಿನ್ನಲಿ.

ತುಳಸಮ್ಮ


ಚಾಮರಾಜಪೇಟೆ
ಜುಲೈ ೨೬

ಅಕ್ಕಾ,

ನಿಮ್ಮ ಕಾಗದ ಇವತ್ತು ಬಂತು. ಇದು ನಿಮ್ಮ ಕೈ ಸೇರುವ ಹೊತ್ತಿಗೆ ಹತ್ತನೆಯ ದಿನ ಕಳೆದಿರುತ್ತದೆ. ಆಕರ್ಷನಿಗೆ ಫೋನ್ ಮಾಡಿ ನಾಳೆ ಕಾಯಬೇಡ ಅಂದಿದ್ದೇನೆ. ಯಾಕೆ ಎಂದು ಅವನಿಗೆ ಹೇಳಲು ನನಗೆ ನಾಲಿಗೆ ಹೊರಳಲಿಲ್ಲ, ನಿಮಗೆ ಬರೆಯುತ್ತೇನೆ.

ಮಧ್ಯಾಹ್ನ ಎಲ್ಲರ ಊಟ ಮುಗಿದ ಮೇಲೆ ಶೆಡ್ಡಿನ ಹೊರಗೆ ನಿಂತೆ. ಇವರು ಕೊಪ್ಪರಿಗೆ ಉಜ್ಜುತ್ತಿದ್ದರು.

"ಒಂದು ವಿಷಯ ಹೇಳ್ಬೇಕಿತ್ತು" ಅಂದೆ.

"ಉಪ್ಪು ಖಾಲಿ ಆಗಿದೆ, ಅಂಗಡಿಯವನಿಗೆ ಹೇಳು" ಅಂದರು.

"ಅದಲ್ಲ. ವೈಯಾಲಿಕಾವಲ್ಲಿಂದ..."

ಅಷ್ಟಕ್ಕೆ ಸೌಟನ್ನು ಎತ್ತಿ ಕೊಪ್ಪರಿಗೆಗೆ ಬಡಿದರು. ಹೊರಗೆ ಬೀನ್ಸ್ ಮುರಿಯುತ್ತಿದ್ದ ಮುನಿಯಕ್ಕ ಬೆಚ್ಚಿಬಿದ್ದಳು. "ಯಮುನಾ, ನೀರು ಇಳೀಲಿ. ಏನಿದ್ರೂ ನೀರು ಇಳಿದ್ಮೇಲೆ ಹೇಳು" ಅಂದರು. ನನ್ನ ಕಡೆ ತಿರುಗಲಿಲ್ಲ. ಬೆನ್ನು ಮಾತ್ರ ಕಾಣುತ್ತಿತ್ತು. ಬೆನ್ನು ಅಲುಗುತ್ತಿತ್ತು ಅಕ್ಕಾ.

ಆಗ ನನಗೆ ಹೊಳೆಯಿತು. ನನಗೆ ಸೊಂಟ ಹಿಡಿಯಿತು ಅಂದರೆ ಮನೆಯೆಲ್ಲ ನೀಲಗಿರಿ ಎಣ್ಣೆಯ ವಾಸನೆ ಎಬ್ಬಿಸುವ ಮನುಷ್ಯ. ಬಿಸಿನೀರಿನ ಚೀಲ ತರುವುದು, ಬೈಯುವುದು, ಮತ್ತೆ ಎಣ್ಣೆ ತಿಕ್ಕುವುದು. ಈ ಸಲ ಹೇಗಿದೆ ಎಂದು ಒಂದು ಮಾತೂ ಕೇಳಲಿಲ್ಲ. ಶೆಡ್ಡಿಗೆ ಬಾ ಎಂದೂ ಒಂದು ಸಲವೂ ಕರೆಯಲಿಲ್ಲ. ದೇವರ ಮನೆಯಲ್ಲಿ ದೀಪ ಇಲ್ಲದ್ದನ್ನು ನೋಡಿ ಸುಮ್ಮನೆ ಹಾದುಹೋದರು. ನಾನು ಒಲೆಯ ಹತ್ತಿರ ಹೋಗುವುದನ್ನು ಬಿಟ್ಟ ದಿನವೇ ಇವರಿಗೆ ತಿಳಿದಿದೆ. ನಾನು ಬಚ್ಚಿಟ್ಟಿದ್ದೇನೆ ಎಂದುಕೊಂಡಿದ್ದೆ, ಸೂತಕ ಹಿಡಿದು ಕೂತು ನಾನೇ ತೋರಿಸಿಕೊಟ್ಟಿದ್ದೆ.

ಆದರೆ ಬಾಯಿಬಿಟ್ಟು ಕೇಳುತ್ತಿಲ್ಲ, ನನಗೆ ಹೇಳಲೂ ಬಿಡುತ್ತಿಲ್ಲ. ಕೇಳಿಸಿಕೊಂಡರೆ ಹೊರಗೆ ಬಂದು ನಿಲ್ಲಬೇಕಲ್ಲ. ಕಿವಿಗೆ ಬೀಳದ ಹಾಗೆ ನೋಡಿಕೊಂಡು ಅನ್ನ ಮಾಡುತ್ತಿದ್ದಾರೆ.

ಬಲವಂತ ಮಾಡಿ ಹೇಳಬಹುದಿತ್ತು. ಹಿಂದೆಯೇ ನಿಂತು ಜೋರಾಗಿ ಅಂದುಬಿಟ್ಟಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿರಲಿಲ್ಲ. ಎರಡು ಸಲ ಬಾಯಿ ತೆರೆದೆ. ಆ ಬೆನ್ನು ನೋಡಿ ನನ್ನಿಂದ ಆಗಲಿಲ್ಲ. ನಿಮ್ಮ ಮಾತಿನಂತೆ ನಡೆಯುತ್ತೇನೆ ಎಂದು ಬರೆದವಳು ನಾನೇ, ನಡೆಯಲಿಲ್ಲ. ನನ್ನ ಮೇಲೆ ಸಿಟ್ಟಾಗಿ. ಇವರ ಮೇಲೆ ಬೇಡ.

ನೀರು ಒಂದು ಗೇಣು ಇಳಿದಿದೆ ಎನ್ನುತ್ತಾರೆ.

ಯಮುನಾ


ವೈಯಾಲಿಕಾವಲ್
ಆಗಸ್ಟ್ ೧೬

ಯಮುನಾಳಿಗೆ,

ಕಾಯಬೇಡ ಅಂದಿದ್ದೆಯಂತೆ. ಆಕರ್ಷ ಹೇಳಿದ. ಆದರೂ ಛತ್ರದ ಬಾಗಿಲ ಕಡೆಯೇ ನೋಡುತ್ತಾ ಕೂತಿದ್ದೆ. ಎಲ್ಲರೂ ಒಬ್ಬೊಬ್ಬರಾಗಿ ನೀರು ಬಿಟ್ಟರು. ಅವರು ಹೆಸರೂ ಮರೆತಿದ್ದ ದೂರದ ದಾಯಾದಿಯ ಮಗನೊಬ್ಬ ಬಂದು ಬಿಟ್ಟು ಹೋದ. ಪುರೋಹಿತರು "ಒಡಹುಟ್ಟಿದವ್ರು ಯಾರೂ ಇಲ್ವಾ?" ಎಂದು ಕೇಳಿದರು. ಆಕರ್ಷ ನನ್ನ ಮುಖ ನೋಡಿದ. "ಇದಾನೆ. ಅಡುಗೆ ಮಾಡ್ತಿದಾನೆ" ಅಂದೆ. ಅವರಿಗೆ ಅರ್ಥವಾಗಲಿಲ್ಲ, ಒಳಗೆ ಛತ್ರದ ಅಡುಗೆಮನೆಯ ಕಡೆ ತಿರುಗಿ ನೋಡಿ, ಸ್ವಲ್ಪ ಹೊತ್ತು ಕಾದರು. ಆಮೇಲೆ ಮುಂದಿನ ಮಂತ್ರ ಹೇಳಿದರು.

ನಾಳೆ ಮೊದಲ ಮಾಸಿಕ. ಮನೆ ಖಾಲಿಯಾಗಿದೆ. ಸಿಲಿಂಡರನ್ನು ಅಂಗಡಿಯವರು ತೆಗೆದುಕೊಂಡು ಹೋದರು. ಅದು ಇದ್ದ ಜಾಗದಲ್ಲಿ ನೆಲದ ಮೇಲೆ ಒಂದು ದುಂಡಗಿನ ಗುರುತು ಬಿದ್ದಿದೆ, ಎಷ್ಟು ಒರೆಸಿದರೂ ಹೋಗುತ್ತಿಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ. ಯಾರ ಮೇಲೂ ಸಿಟ್ಟು ಮಾಡುವಷ್ಟು ಶಕ್ತಿ ಇಲ್ಲ. ಸ್ವಲ್ಪ ದಿನ ಕಾಗದ ಬರೆಯಬೇಡ. ನೀನು ಬರೆದರೆ ನಾನು ಉತ್ತರ ಬರೆಯಬೇಕು, ನನಗೆ ಸಾಕಾಗಿದೆ.

ತುಳಸಮ್ಮ


ಚಾಮರಾಜಪೇಟೆ
ಅಕ್ಟೋಬರ್ ೪

ಪೂಜ್ಯ ಅತ್ತಿಗೆಯವರಿಗೆ ಅಶ್ವತ್ಥನಾರಾಯಣನ ಸಾಷ್ಟಾಂಗ ನಮಸ್ಕಾರಗಳು.

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ಸಾಮಾನಿನ ಚೀಟಿ ಬಿಟ್ಟರೆ ಬೇರೇನೂ ಬರೆದವನಲ್ಲ. ಯಮುನಾ ಬರೆದುಕೊಡುತ್ತೇನೆ ಅಂದಳು, ಬೇಡ ಅಂದೆ. ತಪ್ಪಿದ್ದರೆ ಅಣ್ಣನಂತೆ ಕೆಂಪು ಇಂಕಿನಲ್ಲಿ ತಿದ್ದಬೇಡಿ.

ಅವತ್ತು ಯಮುನಾ ಹಿತ್ತಿಲ ಬಾಗಿಲಲ್ಲಿ ಫೋನ್ ಹಿಡಿದು ನಿಂತದ್ದನ್ನು ನಾನು ನೋಡಿದೆ. ಯಾರದ್ದು ಎಂದು ಕೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿಕೊಂಡೆ. ಕೇಳಿದ್ದರೆ ಅವಳು ಹೇಳುತ್ತಿದ್ದಳು. ಅನ್ನ ಮುಕ್ಕಾಲು ಬೆಂದಿತ್ತು. ಇದನ್ನೊಂದು ಇಳಿಸಿ ಆಮೇಲೆ ಕೇಳೋಣ ಅಂದುಕೊಂಡೆ. ಇಳಿಸಿದ ಮೇಲೆ ಬಡಿಸಿ ಕೇಳೋಣ ಅಂದುಕೊಂಡೆ. ಮಾರನೆಯ ದಿನ ಇನ್ನಷ್ಟು ಜನ ಬಂದರು. ಹೀಗೇ ಆಯಿತು. ದೊಡ್ಡ ತ್ಯಾಗ ಅಂತೇನೂ ಯೋಚಿಸಿ ಮಾಡಿದ್ದಲ್ಲ ಅತ್ತಿಗೆ, ಒಂದೊಂದು ಕೊಪ್ಪರಿಗೆ ದಾಟಿಸಿಕೊಂಡು ಹೋದೆ.

ಹತ್ತನೆಯ ದಿನ ಯಾವತ್ತು ಎಂದು ನನಗೆ ಲೆಕ್ಕವಿತ್ತು. ಅಲ್ಲಿ ನೀರು ಬಿಡುತ್ತಿರುತ್ತಾರೆ ಎಂದು ಗೊತ್ತಿತ್ತು. ಆ ಹೊತ್ತಿಗೆ ನಾನು ಸಾರಿಗೆ ನೀರು ಸುರಿಯುತ್ತಿದ್ದೆ. ಕೈಯಲ್ಲಿ ಬಿಂದಿಗೆ ಹಿಡಿದು ಸ್ವಲ್ಪ ಹೊತ್ತು ನಿಂತೆ. ಆಮೇಲೆ ಸುರಿದೆ. ಏನು ಮಾಡಲಿ, ಬೇಳೆ ತಳ ಹಿಡಿಯುತ್ತಿತ್ತು.

ಆಗಸ್ಟ್ ಮೊದಲ ವಾರ ನೀರು ಪೂರಾ ಇಳಿಯಿತು. ಸ್ಕೂಲು ಖಾಲಿ ಮಾಡಿಸಿದರು. ಜನ ಹೋಗಿ ತಮ್ಮ ಮನೆಗಳ ಕೆಸರು ಎತ್ತಲು ಶುರು ಮಾಡಿದರು. ಕೊನೆಯ ಊಟ ಬಡಿಸಿ, ಒಲೆಗೆ ನೀರು ಹಾಕಿ, ಯಮುನಾಳ ಮುಂದೆ ಹೋಗಿ ಕೂತೆ. "ಈಗ ಹೇಳು" ಅಂದೆ. ಅವಳು ಹೇಳಿದಳು. ಗೊತ್ತಿದ್ದ ಸುದ್ದಿಗೆ ಅಷ್ಟು ಅಳು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅಣ್ಣ ನನಗೆ ತಿಳಿಸಬೇಡಿ ಎಂದಿದ್ದನ್ನೂ ಅವಳು ಆಗಲೇ ಹೇಳಿದಳು. ಅದನ್ನು ಕೇಳಿದ ಮೇಲೆ ತಲೆ ಎತ್ತಲು ಆಗಲಿಲ್ಲ.

ಮುನಿಯಕ್ಕನಿಗೆ ಹೇಗೋ ತಿಳಿಯಿತು. "ಸಾವಿನ ಮನೇಲಿ ಒಲೆ ಹಚ್ಬಾರ್ದು ಸ್ವಾಮೇರೆ, ನಮ್ ಕಡೆ ನೆಂಟ್ರು ತರೋದು" ಎಂದು ಮುದ್ದೆ, ಸೊಪ್ಪಿನ ಸಾರು ತಂದು ಇಟ್ಟಳು. ಅವಳ ಮನೆಯ ಗೋಡೆ ಇನ್ನೂ ಒಣಗಿರಲಿಲ್ಲ. ಜೊತೆಗೆ ಎರಡು ಬಾಳೆಹಣ್ಣು ಇತ್ತು. ಮುದ್ದೆಯನ್ನು ಯಮುನಾ ತಿಂದಳು, ಬಾಳೆಹಣ್ಣು ನಾನು ತಿಂದೆ. ಅಷ್ಟೇ ನನ್ನ ಕೈಲಾದದ್ದು. ಅಣ್ಣ ಇದ್ದಿದ್ದರೆ ಮುದ್ದೆ ತಿಂದು ನನ್ನನ್ನು ನೋಡಿ ನಗುತ್ತಿದ್ದ.

ಪುರೋಹಿತರನ್ನು ಕೇಳಿದೆ. ಹತ್ತು ದಿನ ಕಳೆದ ಮೇಲೆ ಸುದ್ದಿ ಬಿದ್ದರೆ ಮೂರು ದಿನದ ಸೂತಕ ಸಾಕು, ದೋಷವಿಲ್ಲ ಅಂದರು. ಸುದ್ದಿ ಯಾವಾಗ ಬಿತ್ತು ಎಂದು ಅವರಿಗೆ ನಾನು ಪೂರ್ತಿ ಹೇಳಲಿಲ್ಲ. ಮೂರು ದಿನ ಕೂತು ಎದ್ದೆ. ಮೂರು ದಿನಕ್ಕೆ ಅಣ್ಣ ಮುಗಿದ. ಶ್ರಾವಣ ಬಂತು, ಮದುವೆಗಳು ಶುರುವಾದವು. ಹೋಗಿ ಮಾಡಿ ಬರುತ್ತೇನೆ. ಎಲ್ಲರೂ ಚೆನ್ನಾಗಿತ್ತು ಎನ್ನುತ್ತಾರೆ.

ಎರಡು ಸಲ ನಿಮ್ಮಲ್ಲಿಗೆ ಎಂದು ಹೊರಟು ಮಲ್ಲೇಶ್ವರದಲ್ಲಿ ಬಸ್ಸಿಳಿದು, ಮಾರ್ಕೆಟ್ಟಿನ ಹತ್ತಿರ ನಿಂತು, ವಾಪಸು ಬಂದಿದ್ದೇನೆ. ಹತ್ತು ವರ್ಷ ಬರದವನು ಈಗ ಯಾವ ಮುಖ ಇಟ್ಟುಕೊಂಡು ಬರಲಿ?

ಒಂದು ಕೇಳಿಕೊಳ್ಳುತ್ತೇನೆ. ಮುಂದಿನ ಮಾಸಿಕದ ಅಡುಗೆಯನ್ನು ನನಗೆ ಬಿಟ್ಟುಕೊಡಿ. ಎಲ್ಲಾ ನಾನೇ ತರುತ್ತೇನೆ. ಅಣ್ಣನಿಗೆ ಇಷ್ಟವಾದದ್ದೆಲ್ಲ ನನಗೆ ಗೊತ್ತು. ಹಿಂದಿನ ಬಾಗಿಲಿಂದ ಬಂದು ಮಾಡಿಟ್ಟು, ಬಡಿಸಿ, ಹಿಂದಿನ ಬಾಗಿಲಿಂದಲೇ ಹೋಗುತ್ತೇನೆ. ನೀವು ಮಾತಾಡಿಸದಿದ್ದರೂ ಸರಿ. ನನಗೆ ಬರುವುದು ಅದೊಂದೇ.

ಇತಿ ನಿಮ್ಮ ಮೈದುನ,
ಅಶ್ವತ್ಥನಾರಾಯಣ


ವೈಯಾಲಿಕಾವಲ್
ಅಕ್ಟೋಬರ್ ೯

ಚಿ. ಅಶ್ವತ್ಥನಿಗೆ ತುಳಸಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಆಕರ್ಷನಿಗೂ ಓದಲು ಕೊಟ್ಟೆ.

ನೀನು ಮಾಡಿದ್ದು ಸರಿ ಎಂದು ನಾನು ಬರೆಯುವುದಿಲ್ಲ, ತಪ್ಪು ಎಂದೂ ಬರೆಯುವುದಿಲ್ಲ. ಆ ಮಕ್ಕಳ ಹೊಟ್ಟೆ ತುಂಬಿತು, ಒಳ್ಳೆಯದಾಯಿತು. ನನಗೆ ನೋವಾಯಿತು, ಅದು ಇನ್ನೂ ಹೋಗಿಲ್ಲ. ಎರಡೂ ನಿಜ. ನಿನ್ನ ಪಾಲಿನ ನೀರು ಅವರಿಗೆ ಬೀಳಲಿಲ್ಲ. ಹೇಗೋ ತಲುಪಿರುತ್ತದೆ ಬಿಡು ಎಂದು ಸಮಾಧಾನದ ಮಾತು ಬರೆಯಲು ಕೂತೆ, ಬರೆಯಲು ಆಗಲಿಲ್ಲ.

ಮುಂದಿನ ಗುರುವಾರ ಮಾಸಿಕ. ಅವರಿಗೆ ಇದೆಲ್ಲ ಬೇಡವಾಗಿತ್ತು. ನನಗೆ ಬೇಕು, ಅದಕ್ಕೆ ಮಾಡಿಸುತ್ತಿದ್ದೇನೆ. ಯಮುನಾಳನ್ನೂ ಕರೆದುಕೊಂಡು ಬಾ, ಅವಳನ್ನು ನೋಡಬೇಕು.

ಅಡುಗೆ ನಿನಗೆ ಕೊಡುವುದಿಲ್ಲ. ಬೇರೆಯವರಿಗೆ ಹೇಳಿಯಾಗಿದೆ. ನಿನ್ನಷ್ಟು ಚೆನ್ನಾಗಿ ಮಾಡುವುದಿಲ್ಲ, ಗೊತ್ತು. ಸಾರು ನೀರಾಗಿದ್ದರೆ ಬಾಯಿ ಮುಚ್ಚಿಕೊಂಡು ಊಟ ಮಾಡು. ಅವತ್ತು ನೀನು ಒಲೆಯ ಕಡೆ ಹೋಗಕೂಡದು. ಮುಂದಿನ ಬಾಗಿಲಿಂದ ಬಾ. ಕೈಕಾಲು ತೊಳೆದು, ನೆಟ್ಟಗೆ ನಡುಮನೆಗೆ ಬಂದು, ಆಕರ್ಷನ ಪಕ್ಕದಲ್ಲಿ ಅವರ ತಮ್ಮನಾಗಿ ಕೂತುಕೋ.

ಇತಿ,
ನಿನ್ನ ಅತ್ತಿಗೆ
ತುಳಸಮ್ಮ